ದೇವಕಮ್ಮನ ಮೊದಲ ಚರಗ

ಎಳ್ಳಮಾವಾಸ್ಯೆಯ ಊಟವೆಂದರೆ ನಮ್ಮ ಕಡೆ ಆರಾಮದ ಊಟ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡುವುದು, ನೈವೇದ್ಯವನ್ನು ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಚರಗ ಕೊಡುವುದು, ಆಮೇಲೆ ಗಿಡದ ನೆರಳಿಗೆ ಜಮಖಾನ ಹಾಸಿ ಉಂಡು, ಅಲ್ಲೇ ಒಂದು ನಿದ್ದೆ ತೆಗೆದು, ಹೊತ್ತು ಇಳಿದ ಮೇಲೆ ಮನೆಗೆ ಬರುವುದು. ಇದರಲ್ಲಿ ಗಡಿಬಿಡಿ ಮಾಡಿಕೊಳ್ಳುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ, ಅವರು ಶಹಾಪುರದ ದೇವಕಮ್ಮನನ್ನು ನೋಡಿಲ್ಲ ಎಂದೇ ಅರ್ಥ.

ದೇವಕಮ್ಮ ಕೂತದ್ದನ್ನು ಕಂಡವರು ಕಡಿಮೆ. ಸಗರದಲ್ಲಿ ಹುಟ್ಟಿ ಶಹಾಪುರಕ್ಕೆ ಸೊಸೆಯಾಗಿ ಬಂದವಳು. ಗಂಡ ಕಾಮಾಲೆಯಾಗಿ ತೀರಿಕೊಂಡಾಗ ಮಗ ಚೇತನಕುಮಾರನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಂದು ಕಾಲಿಗೆ ಕಟ್ಟಿಕೊಂಡ ಚಕ್ರವನ್ನು ಆಕೆ ಇಂದಿಗೂ ಬಿಚ್ಚಿಲ್ಲ. ಮೊದಲು ಖಾನಾವಳಿಯಲ್ಲಿ ರೊಟ್ಟಿ ಬಡಿದಳು, ಆಮೇಲೆ ಸರಕಾರಿ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು. ಶಾಲೆ ತುಂಬ ಮಕ್ಕಳಿಗೆ ಬೇಯಿಸಿ, ಬಡಿಸಿ, ಸಾಲಿನ ನಡುವೆ ಓಡಾಡುತ್ತ "ಏ, ತಾಟಿನಾಗ ಬಿಡಬ್ಯಾಡ, ಉಣ್ಣು" ಎಂದು ಗದರಿಸುವುದೇ ಆಕೆಯ ಬದುಕಾಗಿತ್ತು. ತಾನು ಉಣ್ಣುವುದು ನಿಂತುಕೊಂಡೇ. ರೊಟ್ಟಿ ಅಂಗೈ ಮೇಲೆ, ಪಲ್ಯ ರೊಟ್ಟಿಯ ಮೇಲೆ, ಕಣ್ಣು ಒಲೆಯ ಮೇಲೆ. ವಯಸ್ಸಾಯಿತೆಂದು ಶಾಲೆಯವರು ಮನೆಗೆ ಕಳಿಸಿದ ಮೇಲೆ ಜನ, "ಇನ್ನ ಆರಾಮಾಗಿ ಕುಂದ್ರಬೇಯವ್ವ," ಎಂದರು. ಕೂಡುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಈ ಸಲದ ಗಡಿಬಿಡಿಗೆ ಮಾತ್ರ ಬೇರೆಯೇ ಕಾರಣವಿತ್ತು. ಅದು ಅಡುಗೆಯಲ್ಲ, ಅಣ್ಣ.

ಅಣ್ಣ ಭೀಮರಾಯ ಸಗರದಲ್ಲೇ ಇರುವವನು. ಅಪ್ಪ ಹೋದ ಮೇಲೆ ಹೊಲವೆಲ್ಲ ಅವನ ಕೈಯಲ್ಲಿತ್ತು. ದೇವಕಮ್ಮ ವರ್ಷವರ್ಷವೂ ಎಳ್ಳಮಾವಾಸ್ಯೆಗೆ ತವರಿನ ಹೊಲಕ್ಕೆ ಹೋಗಿ, ಅಲ್ಲೂ ಕೂಡದೆ, ಎಲ್ಲರಿಗೂ ತಾನೇ ಬಡಿಸಿ ಬರುತ್ತಿದ್ದಳು. ಒಂದು ವರ್ಷ ಭೀಮರಾಯನ ಹೊಸ ಬೀಗರು ಬಂದಿದ್ದರು. ಯಾರೋ ಆಕೆಯ ಕಡೆ ಕೈ ತೋರಿಸಿ, "ಇವರ‍್ಯಾರ್ರಿ?" ಎಂದು ಕೇಳಿದರು. ಭೀಮರಾಯ ಬಾಯಲ್ಲಿ ತುತ್ತಿಟ್ಟುಕೊಂಡೇ, "ಶಹಾಪುರದವ್ರು, ನಮ್ಮ ಮೆಹಮಾನ್ರು," ಎಂದ. ಅವನೇನೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಹೊಲದ ಮಣ್ಣು ತಿಂದು ಅವ್ವನ ಕೈಯಲ್ಲಿ ಹೊಡೆಸಿಕೊಂಡಿದ್ದ ದೇವಕಮ್ಮನಿಗೆ ಆ ಮಾತು ಕರುಳಿಗೇ ತಾಕಿತು. ಬಂದು ಉಂಡು ಹೋಗುವ ಮೆಹಮಾನಳೇ ತಾನು? ಹಾಗಾದರೆ ತನ್ನ ಹೊಲ ಯಾವುದು, ತಾನು ಕರೆದು ಉಣಿಸುವ ಜಾಗ ಯಾವುದು?

ಆಕೆ ಅಣ್ಣನನ್ನು ಏನೂ ಕೇಳಲಿಲ್ಲ. ನೆಟ್ಟಗೆ ವಕೀಲರ ಬಳಿಗೆ ಹೋಗಿ ಪಾಲಿಗೆ ನೋಟಿಸ್ ಕಳಿಸಿದಳು.

ಹೆಣ್ಣುಮಗಳು ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚಿತು ಎನ್ನುವ ಊರುಗಳಿವು. ಕಾಯ್ದೆ ಏನಾದರೂ ಹೇಳಲಿ, ಕಟ್ಟೆಯ ಮೇಲೆ ಕೂತವರ ಕಾಯ್ದೆ ಬೇರೆ. ಭೀಮರಾಯ ಜಗಳ ತೆಗೆಯಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಕರೆದ ದಿನ ನೋಂದಣಿ ಕಚೇರಿಗೆ ಬಂದು ಸಹಿ ಹಾಕಿ ಎರಡೆಕರೆ ಬಿಟ್ಟುಕೊಟ್ಟ. ಕಚೇರಿಯ ಹೊರಗೆ ದೇವಕಮ್ಮ, "ಅಣ್ಣಾ, ಚಹಾ ಕುಡಿಯೋಣು ಬಾ," ಎಂದಳು. ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ. ಆಮೇಲೆ ಮಾತಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಮ್ಮನಿದ್ದವನನ್ನು ಏನು ಮಾಡಬೇಕು?

ಹೀಗೆ ಬಂದ ಹೊಲದಲ್ಲಿ ಇದು ಆಕೆಯ ಮೊದಲ ಎಳ್ಳಮಾವಾಸ್ಯೆ. ನಡುವೆ ಹೊಸ ಬದು ಬಿದ್ದಿತ್ತು. ಅಪ್ಪನ ಕಾಲದ ದೊಡ್ಡ ಬನ್ನಿಗಿಡ ಅಣ್ಣನ ಕಡೆ ಉಳಿದಿತ್ತು. ದೇವಕಮ್ಮನ ಕಡೆ ನೆರಳೆಂದರೆ ಒಂದು ಬಡಕಲು ಜಾಲಿ. ಅಣ್ಣ ಬಂದು ಈ ಹೊಲದಲ್ಲಿ ಒಂದು ತುತ್ತು ಉಂಡರೆ ತವರೂ ಉಳಿಯಿತು, ಹೊಲವೂ ತನ್ನದಾಯಿತು. ಬಾರದಿದ್ದರೆ ಕಾಗದದ ಮೇಲೆ ಎರಡೆಕರೆ, ಸಗರದಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ. ಆಕೆಗೆ ಇದು ಚೆನ್ನಾಗಿ ಗೊತ್ತಿತ್ತು.

ಕರೆಯಲು ಚೇತನಕುಮಾರನನ್ನು ಕಳಿಸಿದಳು. ಅವನು ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು, ಹಬ್ಬಕ್ಕೆಂದು ರಜೆ ಹಾಕಿ ಬಂದಿದ್ದ. ಹೋಗಿ ಬಂದವನನ್ನು ಚಪ್ಪಲಿ ಬಿಡಲೂ ಬಿಡದೆ ಕೇಳಿದಳು.

"ಏನಂದ ನಿಮ್ಮ ಮಾವ?"

"ನೋಡೂಣು ಅಂದ."

"ನೋಡೂಣು ಅಂದನೋ, ನೋಡತೀನಿ ಅಂದನೋ?"

"ನೋಡೂಣು ಅಂದ ಅವ್ವಾ."

"ನಗತಾ ಅಂದನೋ, ಮಾರಿ ಗಂಟು ಹಾಕ್ಕೊಂಡು ಅಂದನೋ?"

"ಎತ್ತಿಗಿ ನೀರ ಕುಡಸಾಕತ್ತಿದ್ದ. ಮಾರಿ ಕಾಣಲಿಲ್ಲ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ಕಳಿಸಿದ್ದ ಭೀಮರಾಯ. ಆ ಒಂದು ಮಾತನ್ನು ಹಿಡಿದುಕೊಂಡು ದೇವಕಮ್ಮ ಹಬ್ಬದ ತನಕ ಮನೆಯೊಳಗೂ ಹೊರಗೂ ಅಲೆದಳು. ಹಿಟ್ಟು ನಾದುತ್ತ ನೋಡೂಣು, ಎಳ್ಳು ಹುರಿಯುತ್ತ ನೋಡೂಣು. ಅರ್ಧ ಹುರಿದ ಎಳ್ಳನ್ನು ಒಲೆಯ ಮೇಲೆ ಮರೆತು ಕರಕಲು ಮಾಡಿ ಮತ್ತೆ ತರಿಸಿದಳು.

ಸೊಸೆ ಅನುರಾಧಾ ಹಬ್ಬದ ಬೆಳಗ್ಗೆ ಎದ್ದು ಅಡುಗೆಮನೆಗೆ ಬಂದು ಬಾಗಿಲಲ್ಲೇ ನಿಂತಳು. ಮನೆಯಲ್ಲಿದ್ದ ಪಾತ್ರೆಯೆಲ್ಲ ತುಂಬಿತ್ತು. ಬಟಾಣಿ, ಅವರೆ, ಹಸಿ ತೊಗರಿ, ಬದನೆ, ಮೆಂತ್ಯ, ಇರುವ ಕಾಯಿ ಕಾಳು ಸೊಪ್ಪೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ ಎರಡು ದೊಡ್ಡ ಪಾತೇಲಿ ಆಗಿತ್ತು. ಸಜ್ಜೆಯ ಕಡುಬು ಬುಟ್ಟಿ ತುಂಬ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮೊಣಕಾಲೆತ್ತರ.

"ಅತ್ತಿ, ಎಷ್ಟು ಮಂದಿನ್ನ ಕರದೀರಿ?"

"ನಾಕ ಮಂದಿನ್ನ."

"ಇದು ನಾಕ ಮಂದಿ ಅಡಗಿ ಏನ್ರಿ? ಶಾಲಿ ಮಕ್ಕಳು ಬರ್ತಾವೇನು?"

ದೇವಕಮ್ಮ ಪಾತೇಲಿಯನ್ನು ಆಗಷ್ಟೇ ನೋಡಿದಳು. ವರ್ಷಗಟ್ಟಲೆ ಬೊಗಸೆಯಲ್ಲಿ ಅಳೆದ ಕೈ, ಮನಸ್ಸು ಬೇರೆ ಕಡೆ ಇದ್ದಾಗ ತನ್ನ ಹಳೆಯ ಅಳತೆಯನ್ನೇ ಹಾಕಿಬಿಟ್ಟಿತ್ತು. ಬಿಸಿಯೂಟದವಳ ಕೈಗೆ ನಾಲ್ಕು ಜನರ ಅಡುಗೆ ತಿಳಿಯುವುದಿಲ್ಲ. ಆಕೆ ಸೋಲು ಒಪ್ಪುವ ಹೆಂಗಸಲ್ಲ. "ಹೊಲಕ್ಕ ಬಂದವ್ರನ್ನ ಹಸದ ಕಳಿಸ್ತಾರೇನು? ದಾರ‍್ಯಾಗ ಹೋಗವ್ರು ಬರ್ತಾರ," ಎಂದಳು.

"ಆತು. ಆದ್ರ ಇವತ್ತು ನೀವು ಕುಂತು ಉಣಬೇಕು. ನಾ ಬಡಸ್ತೀನಿ," ಎಂದಳು ಅನುರಾಧಾ.

"ಕುಂದ್ರತೀನಿ, ಕುಂದ್ರತೀನಿ," ಎನ್ನುತ್ತ ದೇವಕಮ್ಮ ಆಗಲೇ ಅಂಗಳದಲ್ಲಿದ್ದಳು.

ನೆರೆಯ ರಾಜಾಸಾಬ ತನ್ನ ಟಂಟಂ ಗಾಡಿ ತಂದು ನಿಲ್ಲಿಸಿದ. ಪಾತ್ರೆ ಏರಿಸುವಾಗ, "ಭಾಬಿ, ಇದು ಚರಗ ಏನ್ರಿ ವಲೀಮಾ ಏನ್ರಿ? ನಮ್ಮ ಮಗನ ಲಗ್ನದಾಗೂ ಇಷ್ಟು ಇದ್ದಿಲ್ಲಲ್ರಿ," ಎಂದು ನಗಾಡಿದ. ದೇವಕಮ್ಮನ ಜೊತೆ ಶಾಲೆಯಲ್ಲಿ ಅಡುಗೆ ಮಾಡಿದ್ದ ಭೀಮವ್ವ, ಚೇತನನ ಕಾರ್ಖಾನೆಯ ಇಬ್ಬರು ಗೆಳೆಯರು, ರಾಜಾಸಾಬ. ಹೊರಗಿನವರೆಂದರೆ ಇಷ್ಟೇ ಜನ. ಸಗರದ ದಾರಿಯುದ್ದಕ್ಕೂ ದೇವಕಮ್ಮ ಗಾಡಿಯಲ್ಲಿ ಸರಿದಾಡುತ್ತ, ಕುಲುಕಿದಾಗಲೆಲ್ಲ ಭಜ್ಜಿಯ ಮುಚ್ಚಳ ಒತ್ತಿ ಹಿಡಿದಳು.

ಅವರು ತಲುಪುವ ಹೊತ್ತಿಗೆ ಬನ್ನಿಗಿಡದ ಕೆಳಗೆ ಭೀಮರಾಯನ ಮಂದಿ ತುಂಬಿದ್ದರು. ಅರ್ಧ ಸಗರವೇ ಅಲ್ಲಿತ್ತು. ಬಿಳಿ ಜೋಳ ಎದೆಯೆತ್ತರ ನಿಂತಿತ್ತು, ದೇವಕಮ್ಮನ ಕಡೆ ಕಡಲೆ ಹೂ ಬಿಟ್ಟಿತ್ತು. ಆಚೆಯವರು ಈಚೆ ನೋಡಿದರು, ಈಚೆಯವರು ಆಚೆ ನೋಡಿದರು, ಇಬ್ಬರೂ ನೋಡಲಿಲ್ಲವೆಂಬಂತೆ ಮುಖ ತಿರುಗಿಸಿದರು. ಭೀಮರಾಯ ಬಿಳಿ ಟೋಪಿ ಹಾಕಿಕೊಂಡು ಬೆನ್ನು ಈಕಡೆ ಮಾಡಿ ಕೂತಿದ್ದ. ಬೆನ್ನನ್ನು ನೋಡಿ ಏನು ತಿಳಿಯುತ್ತದೆ? ಆದರೂ ದೇವಕಮ್ಮ ಅದನ್ನೇ ನೋಡಿದಳು.

ಜಾಲಿಯ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ, ಕುಂಕುಮ ಹಚ್ಚಿದರು. ಚರಗದ ಪದ್ಧತಿ ಸರಳ. ಮುಂದಿನವರು ನೈವೇದ್ಯ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಎನ್ನಬೇಕು. ಹೊಲ ಬಲಗೈಗೆ ಇರುವಂತೆ ಸುತ್ತಬೇಕು, ನಡುವೆ ನಿಲ್ಲಬಾರದು, ಹಿಂದಕ್ಕೆ ತಿರುಗಬಾರದು. ಸಾಮಾನ್ಯವಾಗಿ ಇದು ಗಂಡಸರ ಕೆಲಸ. ಚೇತನಕುಮಾರ ಪಾತ್ರೆ ಹಿಡಿದು ಒಂದು ಸಲ ಕೂಗಿದ. ಕಾರ್ಖಾನೆಯ ಗೆಳೆಯರು ನಕ್ಕರು, ಅವನ ದನಿ ಗಂಟಲಲ್ಲೇ ಉಳಿಯಿತು.

"ಕೊಡಿಲ್ಲಿ," ಎಂದು ದೇವಕಮ್ಮ ಪಾತ್ರೆ ಕಸಿದುಕೊಂಡಳು. "ನೀ ಹಿಂದ ನೀರ ಹಾಕು."

"ಸ್ವಲ್ಪ ತಡಿಯಬೇ ದೇವಕ್ಕ," ಎಂದಳು ಭೀಮವ್ವ. "ಅವ್ರೂ ಚರಗಕ್ಕ ಏಳಾಕತ್ತಾರ, ಅವ್ರದು ಮುಗೀಲಿ. ಆಮ್ಯಾಗ ನಾವು ಹೊಂಟ್ರಾತು."

ಭೀಮವ್ವ ಹೇಳಿದ್ದು ಬುದ್ಧಿಮಾತು. ಆದರೆ ತಡೆಯುವುದು ದೇವಕಮ್ಮನ ಜಾಯಮಾನದಲ್ಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. "ಹುಲ್ಲುಲ್ಲಿಗೋ!" ಶಾಲೆಯ ಅಂಗಳದಲ್ಲಿ ಪಳಗಿದ ದನಿ ಅದು. ಬನ್ನಿಗಿಡದ ಕೆಳಗಿನ ಮಾತು ನಿಂತಿತು. ಮೊದಲ ಬದಿ ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದೂ ಆಯಿತು. ನಾಲ್ಕನೆಯದು ಅಣ್ಣನ ಹೊಲಕ್ಕೂ ತನ್ನ ಹೊಲಕ್ಕೂ ನಡುವಿನ ಬದು. ಅದರ ಮೇಲೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆದ ಮೇಲೆ ಆಕೆಗೆ ತನ್ನ ತಪ್ಪು ತಿಳಿಯಿತು.

ಅಕ್ಕಪಕ್ಕದ ಎರಡು ಹೊಲದವರು ಒಂದೇ ಹೊತ್ತಿಗೆ ಬಲಕ್ಕೆ ಸುತ್ತಿದರೆ ನಡುವಿನ ಬದುವಿನ ಮೇಲೆ ಎದುರುಬದುರು ಬರಲೇಬೇಕು. ಎದುರಿನ ತುದಿಯಿಂದ ಬಿಳಿ ಟೋಪಿ ಬರುತ್ತಿತ್ತು. ಭೀಮರಾಯನ ಕೈಯಲ್ಲೂ ಚರಗದ ಪಾತ್ರೆ. ಅವನ ಹಿಂದೆ ನೀರಿನ ತಂಬಿಗೆ ಹಿಡಿದ ಮಗ.

ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಒಂದು ಪಕ್ಕ ಜೋಳ, ಒಂದು ಪಕ್ಕ ಕಡಲೆ. ಚರಗದ ದಿನ ಬೆಳೆ ತುಳಿಯುವುದುಂಟೇ? ಬದು ಹೊಸದು, ಒಬ್ಬರು ನಡೆಯುವಷ್ಟೇ ಅಗಲ, ಕರಿಮಣ್ಣು ಕಾಲಿಟ್ಟಲ್ಲಿ ಕುಸಿಯುತ್ತಿತ್ತು. ಆದರೂ ದೇವಕಮ್ಮ ಕೂಗು ಬಿಡಲಿಲ್ಲ. ಆತನೂ ಬಿಡಲಿಲ್ಲ. ಎರಡು "ಹುಲ್ಲುಲ್ಲಿಗೋ"ಗಳು ಹತ್ತಿರ ಹತ್ತಿರ ಬಂದು ಮೂಗಿಗೆ ಮೂಗು ತಾಕುವಲ್ಲಿ ನಿಂತವು.

ಇಷ್ಟು ದಿನದ ಮೇಲೆ ಅಣ್ಣ ಆಡಿದ ಮೊದಲ ಮಾತು: "ದಾರಿ ಬಿಡು."

"ಎಲ್ಲಿಗಿ ಬಿಡ್ಲಿ? ಕಡ್ಲಿ ಮ್ಯಾಲ ನಿಂದ್ರಲೇನು?" ಎಂದಳು ದೇವಕಮ್ಮ. "ನೀ ಬಿಡು."

"ನಾ ಜ್ವಾಳ ತುಳೀಲೇನು?"

ಅಲ್ಲಿ ಬನ್ನಿಗಿಡದ ಕೆಳಗೆ, ಇಲ್ಲಿ ಜಾಲಿಯ ಕೆಳಗೆ, ಎರಡೂ ಕಡೆಯವರು ಎದ್ದು ನಿಂತಿದ್ದರು. ಭೀಮರಾಯ ಬದುವನ್ನು ನೋಡಿದ, ತಂಗಿಯ ಕಾಲನ್ನು ನೋಡಿದ. ಆಮೇಲೆ ಪಾತ್ರೆಯನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಆಕೆಯ ತೋಳನ್ನು ಗಟ್ಟಿಯಾಗಿ ಹಿಡಿದ. ಬೀಳದಂತೆ ದಾಟಬೇಕಾದರೆ ಬೇರೆ ದಾರಿ ಇರಲಿಲ್ಲ. ಆಕೆ ಅವನ ಹೆಗಲು ಹಿಡಿದಳು. ಇಬ್ಬರೂ ಅಡ್ಡಡ್ಡ ಹೊರಳಿ, ಒಂದೊಂದೇ ಕಾಲು ಎತ್ತಿಟ್ಟು, ಒಬ್ಬರ ಆಸರೆಯಲ್ಲಿ ಒಬ್ಬರು ದಾಟಿದರು. ಅವನ ಹೆಗಲ ಮೂಳೆ ಕೈಗೆ ಹತ್ತಿತು. ಅಣ್ಣ ಇಷ್ಟು ಬಡವಾಗಿದ್ದಾನೆಂದು ದೇವಕಮ್ಮನಿಗೆ ಗೊತ್ತಿರಲಿಲ್ಲ. ಮುಂದಿನ ಕೂಗು ಅರ್ಧಕ್ಕೆ ನಿಂತಿತು. ಹಿಂದಿದ್ದ ಚೇತನಕುಮಾರನೇ ಉಳಿದರ್ಧ ಕೂಗಿದ.

ಚರಗ ಮುಗಿಯಿತು. ಊಟಕ್ಕೆ ಕೂತರು. ಅನುರಾಧಾ ತಾಟು ಹಾಕಿ, "ಅತ್ತಿ, ಕುಂದ್ರಿ," ಎಂದಳು. ದೇವಕಮ್ಮ ಕೂತಳು, ಉಪ್ಪಿನಕಾಯಿ ತರಲು ಎದ್ದಳು. ಮತ್ತೆ ಕೂತಳು, ರಾಜಾಸಾಬನಿಗೆ ಮೊಸರು ಬಡಿಸಲು ಎದ್ದಳು. ಅವನು, "ಮೊಸರು ತಾಟಿನಾಗ ಅದರಿ ಭಾಬಿ," ಎಂದ. ಕಡೆಗೆ ಬದುವಿನ ಕಡೆ ಮುಖ ಮಾಡಿ ನಿಂತೇಬಿಟ್ಟಳು. ಆಚೆ ಪಂಕ್ತಿ ಏಳುತ್ತಿತ್ತು. ಭೀಮರಾಯ ಎಲ್ಲರಿಗೂ ಎಲೆ-ಅಡಿಕೆ ಹಂಚುತ್ತಿದ್ದ. ಈಚೆ ಎರಡು ಪಾತೇಲಿ ಭಜ್ಜಿ ಹಾಗೆಯೇ ಇತ್ತು. ದಾರಿಯಲ್ಲಿ ಹೋಗುವವರೂ ಬರಲಿಲ್ಲ. ಬಂದವರು ಬನ್ನಿಗಿಡದ ಕಡೆಗೇ ತಿರುಗಿದರು.

"ಬರಾಂಗಿಲ್ಲ ಬಿಡ್ರಿ ಅತ್ತಿ," ಎಂದಳು ಅನುರಾಧಾ ಮೆಲ್ಲಗೆ.

"ನೋಡೂಣು ಅಂದಾನ," ಎಂದಳು ದೇವಕಮ್ಮ. ಹೇಳುತ್ತಿದ್ದ ಹಾಗೆ ಆಕೆಗೆ ಸಿಟ್ಟು ಬಂತು. ಅಣ್ಣನ ಮೇಲೆ ಬಂತು, ತನ್ನ ಮೇಲೂ ಬಂತು. ಮಗನನ್ನು ಕಳಿಸಿ ಕರೆಸಿದ್ದು ಯಾಕೆ? ಬರುವುದಿಲ್ಲ ಎಂದು ಎದುರಿಗೇ ಹೇಳಿಬಿಟ್ಟಾನು ಎಂಬ ಅಂಜಿಕೆಗೆ. ಅಂದು ವಕೀಲನನ್ನು ಕಳಿಸಿದಳು, ಈಗ ಮಗನನ್ನು. ತನ್ನ ಬಾಯಿ ಎಲ್ಲಿ ಹೋಗಿತ್ತು?

ದರದರ ನಡೆದು ಬದುವಿನ ಮೇಲೆ ನಿಂತಳು. ಇಡೀ ಸಗರಕ್ಕೆ ಕೇಳುವ ಹಾಗೆ ಕೂಗಿದಳು: "ಅಣ್ಣಾ! ನೋಡೂಣು ಅಂದಿದ್ದಿಯಲ್ಲ, ನೋಡೂದು ಮುಗೀತೇನು? ಉಣ್ಣಾಕ ಬಾ!"

ಎಲೆ-ಅಡಿಕೆಯ ತಟ್ಟೆ ಹಿಡಿದ ಭೀಮರಾಯ ತಿರುಗಿದ. ಅವನ ಬೀಗರು ಅವನ ಮುಖ ನೋಡಿದರು, ಹೆಂಡತಿ ನೆಲ ನೋಡಿದಳು. ದೇವಕಮ್ಮನಿಗೆ ಕಾಲಿನ ಕೆಳಗೆ ಬದು ಕುಸಿಯುತ್ತಿದೆ ಎನಿಸಿತು. ಈಗ ಇಲ್ಲ ಎಂದರೆ ಮುಗಿಯಿತು, ಇನ್ನು ಈ ಊರಲ್ಲಿ ಮುಖ ಎತ್ತುವಂತಿಲ್ಲ.

ಭೀಮರಾಯ ತಟ್ಟೆಯನ್ನು ಮಗನ ಕೈಗೆ ಕೊಟ್ಟ. "ನಂದು ಊಟ ಆಗಿಲ್ಲ," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ, ಬದು ದಾಟಿ ಬಂದ. ಬೀಗರಿಗೆಲ್ಲ ಬಡಿಸಿ ತಾನು ಉಣ್ಣದೆ ಉಳಿದಿದ್ದನೋ, ಉಂಡೂ ಹಾಗೆ ಹೇಳಿದನೋ, ಅದನ್ನು ಕೇಳುವ ಮೂರ್ಖರು ಅಲ್ಲಿ ಯಾರೂ ಇರಲಿಲ್ಲ.

ಜಮಖಾನದ ಅಂಚಿಗೆ ಕೂತ. ಅನುರಾಧಾ ಬಡಿಸಲು ಬಂದಾಗ ದೇವಕಮ್ಮ ಕಣ್ಣಲ್ಲೇ ತಡೆದಳು. ತಾನೇ ರೊಟ್ಟಿ ಹಾಕಿ, ಭಜ್ಜಿ ಹಾಕಿ, ಎಣ್ಣೆ ಬಿಟ್ಟಳು. ಉಳಿದವರು ಕಡಲೆ ಗಿಡ ನೋಡುವ ನೆಪ ಮಾಡಿಕೊಂಡು ಸರಿದರು. ಭೀಮರಾಯ ಮೊದಲ ರೊಟ್ಟಿಯನ್ನು ಮುಗಿಸಿದ. ಎರಡನೆಯದನ್ನು ಮುರಿಯುತ್ತ ಕೇಳಿದ.

"ವಕೀಲನ ಕಡಿಂದ ಯಾಕ ಕಳಿಸಿದಿ? ನಾ ಏನ್ ಸತ್ತಿದ್ನೇನು? ಮನಿಗಿ ಬಂದು ಬಾಯಿಲೆ ಕೇಳಿದ್ರ ಕೊಡ್ತಿದ್ದಿಲ್ಲೇನು?"

ಇದೇ ಮಾತು ದೇವಕಮ್ಮನನ್ನು ಇಷ್ಟು ದಿನ ತಿಂದದ್ದು. ಕೇಳಿದ್ದರೆ ಕೊಡುತ್ತಿದ್ದನೇನೋ. ಹಾಗಾದರೆ ತವರನ್ನು ಕೈಯಾರೆ ಕಡಿದವಳು ತಾನೇ. ಆಕೆ ಬುಟ್ಟಿಯಲ್ಲಿ ಕಡುಬು ಹುಡುಕುವವಳಂತೆ ತಲೆ ತಗ್ಗಿಸಿದಳು. ಕಣ್ಣೀರು ಬುಟ್ಟಿಯ ಬಟ್ಟೆಯ ಮೇಲೆ ಬಿತ್ತು.

ಭೀಮರಾಯ ತುತ್ತು ಅಗಿಯುತ್ತಿದ್ದವನು ನಿಲ್ಲಿಸಿದ. ತಂಗಿಯನ್ನು ನೋಡಿದ, ಕಡಲೆಯ ಹೂ ನೋಡಿದ, ನೀರು ಕುಡಿದು ತಂಬಿಗೆ ಕೆಳಗಿಟ್ಟ.

"ಸುಳ್ಳ ಹೇಳಿದೆ," ಎಂದ. "ಕೇಳಿದ್ರ ಕೊಡ್ತಿದ್ದಿಲ್ಲ. ಹೆಣ್ಣಮಕ್ಕಳಿಗಿ ಎಂಥಾ ಪಾಲು ಅಂತ ಬೈದು ಕಳಿಸ್ತಿದ್ದೆ."

ದೇವಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಗೊತ್ತದ," ಎಂದಳು. "ಅದಕ್ಕ ಕೇಳಲಿಲ್ಲ."

ಭೀಮರಾಯ ತಲೆ ಎತ್ತದೆ ತಾಟನ್ನು ಆಕೆಯ ಕಡೆ ಸರಿಸಿ, "ಇನ್ನೊಂದ ರೊಟ್ಟಿ ಹಾಕು," ಎಂದ.